ಇಲ್ಲ ಎನ್ನುವ ಮೊದಲು ಹೋಗಿ ನೋಡಿದವರು

ನಮ್ಮ ಶಿರಸ್ತೇದಾರರಿಗೆ ಬೀಳ್ಕೊಡುಗೆಯ ಬಿನ್ನವತ್ತಳೆ ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ಕಚೇರಿಯ ಹೆಡ್ ಗುಮಾಸ್ತರು. ಮೊನ್ನೆ ಅಂಚೆ ಕಚೇರಿಯಲ್ಲಿ ಯಾರೋ ಪಾರ್ಸೆಲ್ಲಿಗೆ ಅರಗು ಕರಗಿಸಿ ಮೊಹರು ಒತ್ತುತ್ತಿದ್ದರು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಮಂಡ್ಯದ ಹಳೆಯ ಕಚೇರಿ, ಅದರ ಮೂಲೆಯ ಬಜೆಟ್ ಶಾಖೆ, ಬೆಂಗಳೂರಿಗೆ ಹೋಗುವ ಲಕೋಟೆಗಳ ಮೇಲೆ ತಾವೇ ಬಗ್ಗಿ ಮೊಹರು ಹಾಕುತ್ತಿದ್ದ ನಮ್ಮ ಶಿರಸ್ತೇದಾರರು… ಎಲ್ಲ ಒಟ್ಟಿಗೆ ಬಂದು ನಿಂತವು. ಈಗ ನನಗೆ ಬೇಗ ಆಯಾಸವಾಗುತ್ತದೆ. ಅಲ್ಲೇ ಬೆಂಚಿನ ಮೇಲೆ ಕುಳಿತೆ.

ಶಿವಪುರದ ಧ್ವಜ ಸತ್ಯಾಗ್ರಹದಲ್ಲಿ ಬಾವುಟ ಏರಿಸಿ ಒಂದು ವರ್ಷವಾಗಿತ್ತು. ನಾನು ಬಿ.ಎ. ಮುಗಿಸಿ ಆ ಶಾಖೆಗೆ ಹಂಗಾಮಿ ಗುಮಾಸ್ತನಾಗಿ ಸೇರಿದ್ದೆ. ಆತಗೂರು ಹೋಬಳಿಯ ನಮ್ಮ ಹಳ್ಳಿಯಲ್ಲಿ, ನಮ್ಮ ವಂಶದಲ್ಲಿ, ಹೆಬ್ಬೆಟ್ಟು ಒತ್ತದೆ ರುಜು ಹಾಕಿದವನು ನಾನೇ ಮೊದಲು. ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಳ್ಳಲು ನಾನು ಅಂದೂ ನಾಚಲಿಲ್ಲ, ಇಂದೂ ನಾಚುವುದಿಲ್ಲ. ಅದು ಯಾರೂ ಕರೆದು ಕೊಟ್ಟದ್ದಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರು ತಾಲ್ಲೂಕುಗಳ ಬೇಡಿಕೆಗಳೆಲ್ಲ ಶಿರಸ್ತೇದಾರರ ಮೇಜಿಗೇ ಬರುತ್ತಿದ್ದವು. ಕೆರೆಗೆ ತೂಬು ಬೇಕು, ಚಾವಡಿಗೆ ಹೆಂಚು ಬೇಕು, ಸಾಹೇಬರ ಕುರ್ಚಿಗೆ ಮೆತ್ತೆ ಬೇಕು. ಅವರ ಕೈಯಲ್ಲೊಂದು ಕೆಂಪು ಪೆನ್ಸಿಲು. ಮೆತ್ತೆಯಂಥವನ್ನು ಓದುತ್ತಲೇ ಹೊಡೆದುಹಾಕುತ್ತಿದ್ದರು. ಉಳಿದದ್ದಕ್ಕೆ ಒಂದೇ ಮಾತು, "ನೋಡಿ ಬಂದು ಹೇಳ್ತೀನಿ." ಮಾರನೆಯ ದಿನ ಬಸ್ಸೋ ಜಟಕಾವೋ ಹಿಡಿದು ಹೊರಟೇಬಿಡುತ್ತಿದ್ದರು. ಬಿಸಿಲಲ್ಲಿ ನಡೆದು, ಕೆರೆಗೆ ಇಳಿದು, ಹೆಂಚು ಎಣಿಸಿ ಬಂದು, ಮುಕ್ಕಾಲು ಪಾಲಿಗೆ "ಇಲ್ಲ" ಎಂದು ಬರೆಯುತ್ತಿದ್ದರು. ಇಂಥವರನ್ನು ಯಾರು ತಾನೇ ಪ್ರೀತಿಸುತ್ತಾರೆ? ಜವಾನನೂ ಅವರಿಗೆ ನೀರಿನ ಲೋಟವನ್ನು ಒಂದಿಷ್ಟು ಜೋರಾಗಿಯೇ ಇಡುತ್ತಿದ್ದ.

ಆ ಜೂನ್ ಕೊನೆಗೆ ಅವರಿಗೆ ನಿವೃತ್ತಿ. ಅದೇ ದಿನ ಮೈಸೂರಿನಿಂದ ಹೊಸಬರು ಬಂದು ಚಾರ್ಜು ತೆಗೆದುಕೊಳ್ಳಬೇಕಿತ್ತು. ಹೋಗುವವರಿಗೆ ಬಿನ್ನವತ್ತಳೆ ಅರ್ಪಿಸುವುದು ಆಗಿನ ಪದ್ಧತಿ. ಗುಣಗಾನ ಬರೆದು, ಎಲ್ಲರೂ ರುಜು ಮಾಡಿ, ಗಾಜಿನ ಚೌಕಟ್ಟು ಹಾಕಿಸಿ, ಸಭೆಯಲ್ಲಿ ಓದಿ ಕೈಗೆ ಕೊಡಬೇಕು. ಬಿನ್ನವತ್ತಳೆ ಇಲ್ಲದೆ ಮನೆಗೆ ಹೋದವನನ್ನು ಊರು ವಜಾ ಆದವನಂತೆಯೇ ನೋಡುತ್ತಿತ್ತು. ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ. ಹೆಡ್ ಗುಮಾಸ್ತರು ಆ ಹಳೆಯ ಪ್ರತಿಯನ್ನು ನನ್ನ ಮುಂದೆ ಎಸೆದರು.

"ಓದಯ್ಯ ಬಿ.ಎ. ಇಲ್ಲಿ ಏನಿದೆ? ಕೇಳಿದವರಿಗೆ ಇಲ್ಲವೆನ್ನದ ಕಲ್ಪವೃಕ್ಷ ಅಂತಿದೆ. ಈ ಮನುಷ್ಯನ ಎದುರಿಗೆ ಇದನ್ನ ಓದಿದ್ರೆ ಸಭೇಲಿ ಜನ ಬಿದ್ದು ಬಿದ್ದು ನಗ್ತಾರೆ. ರುಜು ಯಾರು ಹಾಕ್ತಾರೆ? ಆಗದ ಮಾತು, ಬಿಡು."

"ಬೇರೆ ಬರೆದರೆ ಆಯ್ತಲ್ಲ ಸ್ವಾಮಿ?"

"ಬರಿ. ನಿನ್ನ ಕೆಲಸ ತೆಗೆದವನಿಗೆ ನೀನೇ ಬರಿ."

ಆ ಮಾತು ನಿಜವಾಗಿತ್ತು. ಪ್ರತಿ ಶಾಖೆಯಲ್ಲೂ ಒಂದು ಹುದ್ದೆ ತೆಗೆಯಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಶಿರಸ್ತೇದಾರರು ನನ್ನದನ್ನೇ, ಅದೇ ಜೂನ್ ಕೊನೆಗೆ ಮುಗಿಯುವಂತೆ, ಹೊಡೆದುಹಾಕಿದ್ದರು. ಕರೆದು, ಎದುರಿಗೆ ನಿಲ್ಲಿಸಿಕೊಂಡು ಅವರೇ ಹೇಳಿದರು. "ಕೊನೆಗೆ ಬಂದವನು ನೀನು. ಉಳಿದವರಿಗೆಲ್ಲ ಮನೆ ತುಂಬ ಮಕ್ಕಳು. ಅವರವರ ಮನೆಗೂ ಹೋಗಿ ನೋಡಿ ಬಂದೆ. ಬೇರೆ ದಾರಿ ಕಾಣಲಿಲ್ಲವಯ್ಯ." ಅಷ್ಟು ಕಷ್ಟಪಟ್ಟು ಓದಿ ಬಂದದ್ದು ಒಂದು ಕೆಂಪು ಗೀಟಿಗೆ ಹೋಯಿತಲ್ಲ ಎಂದುಕೊಂಡು ನನ್ನ ಮೇಜಿಗೆ ಹಿಂದಿರುಗಿದೆ.

ಆ ಭಾನುವಾರ ಊರಿಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಅಪ್ಪ ಸೊಂಟ ನೆಟ್ಟಗೆ ಮಾಡಿ ನನ್ನನ್ನೇ ನೋಡಿದ.

"ನಿನ್ ಅನ್ನಕ್ಕೆ ಕಲ್ಲಾಕ್ದೋನ್ಗೆ ನೀನೇ ಒಗಳಿ ಬರೀತೀಯೇನ್ಲಾ? ಬಿ.ಎ. ಓದಿ ಕಲ್ತಿದ್ದು ಇದೇಯಾ?"

"ಬೇರೆ ಯಾರೂ ಬರೆಯಲ್ಲಪ್ಪ. ಅವರು ಬರಿಗೈಲಿ ಹೋಗಬೇಕಾಗುತ್ತೆ."

"ಓಗ್ಲಿ ಬುಡು, ನಿನಗೇನು?" ಎಂದವನು ಸ್ವಲ್ಪ ತಡೆದು ಕೇಳಿದ, "ಯಾರ್ಲಾ ಅವ್ನು? ನಮ್ಮೂರ್ ಕೆರೆ ತೂಬು ನೋಡಕ್ಕೆ ಬಂದಿದ್ನಲ್ಲ, ಪಂಚೆ ಎತ್ಕಟ್ಕಂಡು ಕೆಸ್ರಿಗೆ ಇಳ್ದಿದ್ನಲ್ಲ, ಆವಯ್ಯನಾ?"

"ಹೂಂ, ಅವರೇ."

ಅಪ್ಪ ಕೈ ತೊಳೆದುಕೊಂಡು ಬಂದು ಜಗಲಿಯ ಮೇಲೆ ಕುಳಿತ. ಎಲೆಗೆ ಸುಣ್ಣ ಸವರಿದ.

"ಒಸಾ ತೂಬು ಇಲ್ಲ ಅಂದ. ಅಲಗೆ ಒಂದು ಬದ್ಲಾಯ್ಸಿ ಸಾಕು ಅಂದ. ಬಯ್ಕಂಡೇ ಬದ್ಲಾಯ್ಸುದ್ವು. ಇವತ್ಗೂ ಒಂದ್ ತೊಟ್ಟು ಸೋರಿಲ್ಲ ಕಣ್ಲಾ…" ಎಂದ. ಮತ್ತೆ ಹೇಳಿದ, "ಬರಿ ಓಗು. ಇದ್ದಿದ್ದ ಇದ್ದಂಗೆ ಬರಿ. ಉಬ್ಸಿ ಗಿಬ್ಸಿ ಬರೀಬ್ಯಾಡ."

ಹಾಗೆಯೇ ಬರೆದೆ. ದಪ್ಪ ಕಾಗದದ ಮೇಲೆ ನನ್ನ ಕೈಯಿಂದಲೇ, ಕಪ್ಪು ಶಾಯಿಯಲ್ಲಿ. ಕಲ್ಪವೃಕ್ಷ, ಕಾಮಧೇನು ಒಂದೂ ಇಲ್ಲ. "ತಾವು ನಮಗೆ ಬಹಳ ಸಲ ಇಲ್ಲ ಎಂದಿರಿ. ಮದ್ದೂರಿಗೂ ಇಲ್ಲ ಎಂದಿರಿ, ಮಳವಳ್ಳಿಗೂ ಇಲ್ಲ ಎಂದಿರಿ. ಆದರೆ ಊರಿನವರ ಕಷ್ಟಕ್ಕೆ, ಹೋಗಿ ನೋಡದೆ ಒಂದು ಸಲವೂ ಇಲ್ಲ ಎನ್ನಲಿಲ್ಲ. ತಾವು ಮಾಡಿಸಿದ ಕೆಲಸ ನಿಂತಿದೆ, ತಾವು ಬೇಡವೆಂದದ್ದರಿಂದ ಯಾವ ಊರೂ ಮುಳುಗಲಿಲ್ಲ." ಇಷ್ಟೇ. ಕೆಳಗೆ ನಾನು ಮೊದಲು ರುಜು ಹಾಕಿ ಹೆಡ್ ಗುಮಾಸ್ತರ ಮುಂದಿಟ್ಟೆ.

ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಇದರಲ್ಲಿ ಹೊಗಳಿಕೆ ಎಲ್ಲಿದೆಯಯ್ಯ?"

"ಇಲ್ಲ ಸ್ವಾಮಿ."

"ಸುಳ್ಳು?"

"ಅದೂ ಇಲ್ಲ."

"ಹಾಗಾದ್ರೆ ತಾ ಇಲ್ಲಿ," ಎಂದು ಲೇಖನಿ ಅದ್ದಿದರು. ಅವರು ಹಾಕಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹಾಕಿದರು. ಜವಾನನೂ ಬಂದು, "ನಂದೂ ಒಂದಿರ್ಲಿ ಬುದ್ದಿ," ಎಂದು ಹೆಬ್ಬೆಟ್ಟು ಒತ್ತಿದ.

ಬೀಳ್ಕೊಡುಗೆ ಆ ಕೊನೆಯ ದಿನದ ಮಧ್ಯಾಹ್ನ, ಕಚೇರಿಯ ಪಡಸಾಲೆಯಲ್ಲೇ. ಚಾರ್ಜಿನ ಪಟ್ಟಿಗೆ ಇಬ್ಬರೂ ರುಜು ಮಾಡಿದ್ದರು. ಹೊಸಬರು ಆಗಲೇ ದೊಡ್ಡ ಕುರ್ಚಿಯಲ್ಲಿ ಕುಳಿತಿದ್ದರು, ನಮ್ಮವರು ಪಕ್ಕದ ಮರದ ಕುರ್ಚಿಯಲ್ಲಿ. ಹಳೆಯ ಕರಿ ಕೋಟು, ಸಡಿಲವಾದ ಪೇಟ. ಒಂದೇ ಬೆಳಗಿನಲ್ಲಿ ಮನುಷ್ಯ ಅಷ್ಟು ಮುದುಕನಾಗಬಹುದೆಂದು ನನಗೆ ಗೊತ್ತಿರಲಿಲ್ಲ. ನಾನು ನಿಂತು ಓದಿದೆ. "ಬಹಳ ಸಲ ಇಲ್ಲ ಎಂದಿರಿ" ಎಂಬಲ್ಲಿ ಯಾರೋ ಕಿಸಕ್ಕೆಂದರು. ಹೊಸಬರು ಹುಬ್ಬು ಗಂಟಿಕ್ಕಿದರು. ಮುಂದಿನ ಸಾಲು ಓದುವಷ್ಟರಲ್ಲಿ ಕಿಸಕ್ಕೆಂದವರೂ ಮುಂದಕ್ಕೆ ಬಾಗಿ ಕೇಳತೊಡಗಿದರು.

ಉತ್ತರ ಕೊಡಲು ಅವರು ಮೇಜು ಹಿಡಿದು ಎದ್ದರು. ದೊಡ್ಡ ಭಾಷಣ ಮಾಡುವುದು ವಾಡಿಕೆ. ಅವರು ಹೇಳಿದ್ದು ಒಂದೇ ಮಾತು: "ಇದರಲ್ಲಿ ಹೊಡೆದುಹಾಕೋದಕ್ಕೆ ನನಗೆ ಒಂದು ಸಾಲೂ ಸಿಗಲಿಲ್ಲ." ಎಲ್ಲರೂ ನಕ್ಕರು. ಅವರನ್ನು ನೋಡಿ ನಗದೆ ಅವರ ಜೊತೆ ನಾವು ನಕ್ಕದ್ದು ಅದೇ ಮೊದಲು. ಅದೇ ಕೊನೆ.

ಆಮೇಲೆ ನಾನು ಮದ್ದೂರಿನ ಕಡೆ ಸ್ಕೂಲು ಮೇಷ್ಟ್ರಾದೆ, ಬದುಕಿದೆ. ಕೋಪ ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಅವರು ನಿವೃತ್ತಿಯಾದ ಮೇಲೆ ಒಂದು ವರ್ಷವೂ ಬದುಕಲಿಲ್ಲವಂತೆ. ಸುದ್ದಿ ನನ್ನನ್ನು ಮುಟ್ಟುವ ಹೊತ್ತಿಗೆ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಹೋಗಿ ನೋಡಿ ಬರಬೇಕಿತ್ತು… ನಾನು ಹೋಗಲಿಲ್ಲ. ಮೊನ್ನೆ ಅಂಚೆ ಕಚೇರಿಯ ಬೆಂಚಿನ ಮೇಲೆ ಕುಳಿತಾಗ ಕಣ್ಣ ಮುಂದೆ ಬಂದದ್ದು ಮಾತ್ರ ಆ ಸಭೆಯಲ್ಲ, ಸಭೆ ಮುಗಿದ ಮೇಲಿನದು.

ಹೊರಗೆ ಹೊಂಗೆಯ ಮರದಡಿ ಒಂದು ಜಟಕಾ ನಿಂತಿತ್ತು. ಅದರೊಳಗೆ ಅವರ ಅಕ್ಕ. ತಮ್ಮನನ್ನು ಸಾಕಿ ಓದಿಸಿದವರು, ಆ ದಿನ ನೋಡಲೆಂದೇ ಮಳವಳ್ಳಿಯಿಂದ ಬಂದಿದ್ದರು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು. ಮಡಿ ಹೆಂಗಸರು ಉಡುವ ಕೆಂಪು ಸೀರೆಯ ಸೆರಗನ್ನು ತಲೆ ತುಂಬ ಹೊದ್ದು, ಶುಭದ ಸಭೆಗೆ ತಾನು ಎದುರಾಗಬಾರದೆಂದು ಅಷ್ಟು ಹೊತ್ತೂ ಅಲ್ಲೇ ಕುಳಿತಿದ್ದರು. ಶಿರಸ್ತೇದಾರರು ಕೊರಳ ಹಾರ ತೆಗೆದು ಜವಾನನ ಕೈಗೆ ಕೊಟ್ಟು, ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಅಕ್ಕನ ತೊಡೆಯ ಮೇಲಿಟ್ಟರು. ಆಕೆಗೆ ಓದು ಬರುತ್ತಿರಲಿಲ್ಲ. ಗಾಜನ್ನು ಸೆರಗಿನಿಂದ ಒರೆಸಿ ನನ್ನ ಕಡೆ ತಿರುಗಿಸಿದರು.

"ಏನು ಬರೆದಿದೆ, ಓದಪ್ಪ."

ಮತ್ತೊಮ್ಮೆ ಓದಿದೆ. ಆಕೆ ಕಣ್ಣು ಮುಚ್ಚಿ ಕೇಳಿದರು. ಶಿರಸ್ತೇದಾರರು ಜಟಕಾದ ಗಾಲಿ ಹಿಡಿದುಕೊಂಡು ನೆಲ ನೋಡುತ್ತಿದ್ದರು.

"ಎಲ್ಲಾ ಕಡೆಗೂ ಹೋಗಿ ನೋಡ್ಕೊಂಡು ಬರ್ತಿದ್ನಂತೇನಪ್ಪ…" ಎಂದರು ಆಕೆ. "ನಿಜ. ಮಳವಳ್ಳಿಗೆ ಎಷ್ಟು ಸಲ ಬಂದಿದಾನೋ. ಕೆರೆ ನೋಡ್ದ, ಚಾವಡಿ ನೋಡ್ದ. ಬಸ್ಸು ತಪ್ಪುತ್ತೆ ಅಕ್ಕ ಅಂತ ನಮ್ಮನೆ ಬಾಗಿಲಲ್ಲೇ ನಿಂತು ಕೂಗಿ ಹೊರಟುಹೋಗ್ತಿದ್ದ." ಚೌಕಟ್ಟನ್ನು ಮಗುಚಿ ಪಕ್ಕಕ್ಕಿಟ್ಟು, ತಮ್ಮನಿಗೆ ಕೂರಲು ಜಾಗ ಮಾಡಿದರು.

"ಹೋಗ್ಲಿ ಬಿಡು. ಹತ್ತೋ ಮೇಲೆ. ಇನ್ನಾದ್ರೂ ಮನೆಗೆ ಬರ್ತೀಯಲ್ಲ."