ದೇವಿಯಾಗಲು ಒಪ್ಪದ ಎದುರುಮನೆ ಅಕ್ಕ

ಮೊನ್ನೆ ಮೊಮ್ಮಗಳ ತಲೆಗೆ ಹಚ್ಚಲೆಂದು ನನ್ನ ಹೆಂಡತಿ ಹರಳೆಣ್ಣೆ ಬಿಸಿ ಮಾಡುತ್ತಿದ್ದಳು. ಆ ಮಂದ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿರಿಯೂರಿನ ನಮ್ಮ ಎದುರುಮನೆ ಅಕ್ಕ ಎದ್ದು ಬಂದಳು. ನೆತ್ತಿಯ ಮೇಲೆ ಹರಳೆಣ್ಣೆ ತಟ್ಟಿಕೊಂಡು, ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾ... ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ. ಆದರೆ ಆ ನಡಿಗೆಯನ್ನು ಕಲ್ಪಿಸಿಕೊಳ್ಳುವಷ್ಟು ಜಾಣತನವೂ ನನಗಿಲ್ಲ.

ಎಪ್ಪತ್ತರ ದಶಕದ ನಡುವೆ ಎಲ್ಲೋ ಇರಬೇಕು. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಕೆಲಸವಿಲ್ಲದೆ, ಊರಿನವರೆಲ್ಲರ ಮೇಲೂ ಅಸಹನೆ ಇಟ್ಟುಕೊಂಡು ಮನೆಯಲ್ಲಿ ಕೂತಿದ್ದೆ. ಅಕ್ಕ ಪ್ರೈಮರಿ ಶಾಲೆಯ ಟೀಚರು. ಗಂಡ ಬಿಟ್ಟಿದ್ದ. ಅದಕ್ಕೂ ಮೊದಲೇ ಕಿವಿಯಲ್ಲಿ ಯಾರೋ ಮಾತಾಡುತ್ತಾರೆಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದಿದ್ದಳು. ಗುಳಿಗೆಯಿಂದ ದನಿಗಳು ನಿಂತವು. ಮೈಯೊಳಗಿನ ಚಡಪಡಿಕೆ ಮಾತ್ರ ನಿಲ್ಲಲಿಲ್ಲ. ಅದರಲ್ಲಿ ಕಾಯಿಲೆಯ ಪಾಲೆಷ್ಟು, ಗುಳಿಗೆಯ ಪಾಲೆಷ್ಟು ಎಂದು ಅವಳಿಗೇ ಗೊತ್ತಿರಲಿಲ್ಲ. ಹಿಟ್ಟಿನ ಗಿರಣಿಯ ಸದ್ದು, ಸೈಕಲ್ ಬೆಲ್ಲು, ಪಾತ್ರೆ ಜಾರಿ ಬಿದ್ದದ್ದು, ಏನೇ ಆದರೂ ಅವಳಿಗೆ ಚುಚ್ಚಿದಂತಾಗುತ್ತಿತ್ತು. ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ನಡುವೆ ಸಿಕ್ಕವರಿಗೆ ಬೈಗುಳ.

ಒಂದು ಮಂಗಳವಾರ ಹಿಂದಿನ ಬೀದಿಯ ಹೆಂಗಸೊಬ್ಬಳು ಎಮ್ಮೆ ಕಳೆದಿದೆಯೆಂದು ಗೋಳಾಡುತ್ತಾ ಅಕ್ಕನ ಜಗಲಿ ಮುಂದೆ ನಿಂತಳು. ಆ ಗೋಳು ತಡೆಯಲಾರದೆ ಅಕ್ಕ ಕಿರುಚಿದಳು: "ಹೊಳೆ ದಂಡ್ಯಾಗ ಬಿದ್ದಿರ್ತೈತೆ, ಹೋಗೆ ಅತ್ಲಾಗೆ!" ಎಮ್ಮೆ ಹೊಳೆ ದಂಡೆಯಲ್ಲೇ ಸಿಕ್ಕಿತು. ಬೇಸಿಗೆಯಲ್ಲಿ ನಮ್ಮೂರಿನ ಎಮ್ಮೆಗಳು ಇನ್ನೆಲ್ಲಿಗೆ ಹೋಗಬೇಕು? ಮುಂದಿನ ಮಂಗಳವಾರ ಮೂವರು ಹೆಂಗಸರು ಬೇವಿನ ಸೊಪ್ಪು, ತೆಂಗಿನಕಾಯಿ ಹಿಡಿದು ಬಂದರು. ಅವಳ ಮೈಮೇಲೆ ಅಮ್ಮ ಬರುತ್ತಾಳೆ ಎಂದು ಊರು ತೀರ್ಮಾನ ಮಾಡಿಬಿಟ್ಟಿತ್ತು. ಅಕ್ಕ ಬೈದಷ್ಟೂ ಅವರು ಕೈಮುಗಿದರು.

ಅದರ ಬೆನ್ನಿಗೇ ಯಲ್ಲದಕೆರೆಯಿಂದ ಅವಳ ಅಣ್ಣ ಬಂದ. ಜೊತೆಗೆ ಒಬ್ಬ ಕ್ಷೌರದವನು, ಒಂದು ಬುಟ್ಟಿ ನಿಂಬೆಹಣ್ಣು. ತಲೆ ಬೋಳಿಸಿ ನಿಂಬೆರಸ ತಿಕ್ಕಿದರೆ ಹುಚ್ಚು ಇಳಿಯುತ್ತದೆ ಎಂಬ ನಂಬಿಕೆ ಆಗ ನಮ್ಮ ಕಡೆ ಗಟ್ಟಿಯಾಗಿತ್ತು. ಅಣ್ಣ ಕೆಟ್ಟವನಲ್ಲ. ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋಗಿದ್ದವನೂ ಅವನೇ.

"ನೋಡವ್ವ," ಅಂದ, "ಅಮ್ಮ ಬರ್ತಾಳೆ ಅಂತ ಒಂದ್ ಮಾತು ಒಪ್ಕೊಂಬಿಡು. ಊರೇ ಕೈಮುಗೀತೈತೆ, ತಲೆಗೂದ್ಲು ಯಾರೂ ಮುಟ್ಟಾಕಿಲ್ಲ. ಇಲ್ಲಾಂದ್ರೆ ಹುಚ್ಚು ಅಂತಾರೆ. ನನ್ ಮಗಳಿಗೆ ಗಂಡು ಬಂದೈತೆ, ಅವರಿಗೇನ್ ಹೇಳ್ಲಿ?"

ಎಷ್ಟು ಸಲೀಸಾದ ದಾರಿ! ಸುಮ್ಮನೆ ತಲೆಯಾಡಿಸಿದ್ದರೆ ಜಡೆಯೂ ಉಳಿಯುತ್ತಿತ್ತು, ಅಣ್ಣನೂ ಉಳಿಯುತ್ತಿದ್ದ. ಅಕ್ಕ ನಡಿಗೆ ನಿಲ್ಲಿಸಲಿಲ್ಲ.

"ಯಾವ ಅಮ್ಮನೂ ಇಲ್ಲ ಅಣ್ಣ. ನಂಗೆ ಕಾಯಿಲೆ ಐತೆ, ಗುಳಿಗೆ ತಗಂತೀನಿ. ಪಾಠಾನೂ ಮಾಡ್ತೀನಿ. ಕಾಯಿಲೆ ಸಿಟ್ಟು ಯಾವ್ದು, ನನ್ ಸಿಟ್ಟು ಯಾವ್ದು ಅಂತ ಒಂದೊಂದ್ ದಿನ ನಂಗೂ ಗೊತ್ತಾಗಲ್ಲ. ಇವತ್ತಿಂದು ಮಾತ್ರ ನಂದೇ. ನಿಂಬೆಹಣ್ಣು ಒಳಗಿಡು, ಉಪ್ಪಿನಕಾಯಿ ಹಾಕ್ತೀನಿ. ಕ್ಷೌರದೋರನ್ನ ಅಷ್ಟ್ ದೂರದಿಂದ ಕರ್ಕೊಂಬಂದಿದೀಯ, ನಿನ್ ಗಡ್ಡನಾದ್ರೂ ಮಾಡಿಸ್ಕ್ಯಂಡು ಹೋಗು."

ಬೀದಿ ನಕ್ಕಿತು. ಅಣ್ಣ ನಗಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು ಎಂದು ನನ್ನ ನೆನಪು. ಆಗ ಪಕ್ಕದಲ್ಲೇ ನಿಂತಿದ್ದ ನನ್ನ ತಂಗಿ, ನೀರಿರಲಿಲ್ಲ ಎನ್ನುತ್ತಾಳೆ. ಅವನು ಹೋದಮೇಲೆ ಅಕ್ಕ ಬೇವಿನ ಸೊಪ್ಪಿನವರನ್ನೂ ಓಡಿಸಿದಳು. ಸಮಾಜ, ಹೆಣ್ಣು, ಮೂಢನಂಬಿಕೆ ಎಂದು ನಾನೇನೋ ದೊಡ್ಡದಾಗಿ ಶುರುಮಾಡಿದೆ. "ಲೇ, ಇವರು ದೇವ್ರು ಮಾಡಿದ್ರು, ನೀನು ಪುಸ್ತಕ ಮಾಡಬ್ಯಾಡ," ಎಂದು ನನ್ನನ್ನೂ ಓಡಿಸಿದಳು.

ಆವತ್ತು ಮಧ್ಯಾಹ್ನ ನಮ್ಮವ್ವ ಬಾಗಿಲಲ್ಲಿ ನಿಂತು ಅಕ್ಕನನ್ನು ಕೂಗಿದಳು: "ಬಾರೆ, ಉಂಡು ಹೋಗು."

"ತಲೆ ಸರಿಯಿಲ್ಲಕ್ಕ, ಬೈದುಬಿಡ್ತೀನಿ."

"ಬೈಯಿ. ಉಂಡು ಬೈಯಿ."

ಅಕ್ಕ ಬಂದು, ನಿಂತುಕೊಂಡೇ ಮುದ್ದೆ ಉಂಡು, ಸಾರಿಗೆ ಉಪ್ಪು ಜಾಸ್ತಿಯೆಂದು ನಿಜವಾಗಿಯೂ ಬೈದಳು. ಅವ್ವ ಇನ್ನೊಂದು ಸೌಟು ಬಡಿಸಿದಳು. ಅಂದಿನಿಂದ ಊಟ, ಬೈಗುಳ ಎರಡೂ ನಮ್ಮ ಮನೆಯಲ್ಲಿ ರೂಢಿಯಾದವು.

ಅಣ್ಣನ ಮಗಳ ಮದುವೆಗೆ ಅವಳಿಗೆ ಕರೆ ಬರಲಿಲ್ಲ. ಅದೊಂದಕ್ಕೆ ಅವಳು ಯಾರನ್ನೂ ಬೈಯಲಿಲ್ಲ... ಆ ದಿನ ಶಾಲೆಗೆ ಹೋಗಿ ಬಂದಳು, ಅಷ್ಟೇ. ನಂತರ ಹೊಳಲ್ಕೆರೆಗೆ ವರ್ಗವಾಯಿತು. ನನಗೂ ಬೇರೆ ಊರಲ್ಲಿ ಕೆಲಸ ಸಿಕ್ಕಿತು.

ತೀರಿಹೋದಳೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ, ಅವಳ ಜೊತೆ ಕೆಲಸ ಮಾಡಿದ್ದವರೊಬ್ಬರಿಂದ. "ಕೊನೇಗೆ ಬಾಳ ಶಾಂತವಾಗಿದ್ರು ಕಣ್ರಿ," ಅಂದರು. ಸತ್ತವರ ಬಗ್ಗೆ ಹಾಗೆ ಹೇಳುವುದು ವಾಡಿಕೆ. ನಾನು ನಂಬಲಿಲ್ಲ, ಇವತ್ತಿಗೂ ನಂಬುವುದಿಲ್ಲ. ಶಾಂತಿ ಇಲ್ಲದೆಯೇ ಬದುಕಿ ತೋರಿಸಿದವಳು ಅವಳು. ಅದನ್ನು ಅವಳಿಂದ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಅವ್ವನೂ ಈಗಿಲ್ಲ. ನನ್ನ ಮನೆಯಲ್ಲಿ ಎಲ್ಲರೂ ಮೆತ್ತಗೆ ಮಾತಾಡುತ್ತಾರೆ. ಸಾರಿಗೆ ಉಪ್ಪು ಜಾಸ್ತಿಯಾದ ದಿನವೂ ಯಾರೂ ಏನೂ ಅನ್ನುವುದಿಲ್ಲ.