ಉಪ್ಪಿನ ಉರಿಯಲ್ಲಿ ಕಂಡ ಎರಡು ಗೆರೆ

ಅರವತ್ತರ ದಶಕದ ಆರಂಭದಲ್ಲಿ ನಾನು ಶಿಡ್ಲಘಟ್ಟದಿಂದ ದಿನಾ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಪಿಯುಸಿ ಓದುತ್ತಿದ್ದೆ. ಅಪ್ಪ ನಮ್ಮೂರಿನಲ್ಲೇ ಮೇಷ್ಟ್ರು. ಸೂರ್ಯನ ಸುತ್ತ ಗ್ರಹಗಳು ತಿರುಗುವಂತೆ ಪರಮಾಣುವಿನೊಳಗೆ ಎಲೆಕ್ಟ್ರಾನುಗಳು ತಿರುಗುತ್ತವೆಂದು ನನಗೆ ಹೇಳಿಕೊಟ್ಟವರು ಅವರೇ.

ಒಂದು ದಿನ ನಮ್ಮ ಲೆಕ್ಚರರು ಲ್ಯಾಬಿನ ಕಿಟಕಿಗಳನ್ನು ಮುಚ್ಚಿಸಿ, ಮಾಮೂಲಿ ಬಲ್ಬಿನ ಬೆಳಕನ್ನು, ಬಣ್ಣ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪಿನಲ್ಲಿ ನೋಡಲು ಹೇಳಿದರು. ಕೆಂಪಿನಿಂದ ನೇರಳೆಯವರೆಗೆ ಬಣ್ಣಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆಮೇಲೆ ಬಲ್ಬ್ ಆರಿಸಿ, ಬರ್ನರಿನ ಉರಿಗೆ ಅಡುಗೆ ಉಪ್ಪು ಹಿಡಿದರು. ಕಣ್ಣಿಟ್ಟವಳು ಬೆಚ್ಚಿಬಿದ್ದೆ. ಬರೀ ಕತ್ತಲು. ಅದರ ನಡುವೆ ಕೂದಲೆಳೆಯಷ್ಟು ಅಂತರದಲ್ಲಿ ಎರಡು ಹಳದಿ ಗೆರೆಗಳು.

“ಸಾರ್, ಮಿಕ್ಕಿದ್ ಬಣ್ಣ ಎಲ್ಲೋದ್ವು?”

“ಹುಟ್ಲೇ ಇಲ್ಲಮ್ಮ.”

ಎಲೆಕ್ಟ್ರಾನಿನ ಶಕ್ತಿಗೆ ನಿಗದಿಯಾದ ಮಟ್ಟಗಳಿವೆಯಂತೆ. ಬಿಸಿ ತಗುಲಿ ಮೇಲಿನ ಮಟ್ಟಕ್ಕೆ ಹೋದದ್ದು ಕೆಳಗಿಳಿಯುವಾಗ ಎರಡು ಮಟ್ಟಗಳ ವ್ಯತ್ಯಾಸವನ್ನು ಬೆಳಕಾಗಿ ಬಿಡುತ್ತದೆ. ವ್ಯತ್ಯಾಸಕ್ಕೆ ತಕ್ಕ ಬಣ್ಣ, ಬೇರೆ ಇಲ್ಲ. ನಡುವೆ ಅದಕ್ಕೆ ನಿಲ್ಲಲು ಎಡೆಯೇ ಇಲ್ಲ.

ಮನೆಗೆ ಬಂದು ಹೇಳಿದಾಗ ಅಪ್ಪ ತುತ್ತನ್ನು ತಟ್ಟೆಗೇ ಬಿಟ್ಟರು. “ನಡುವೆ ಇಲ್ದೆ ಮೇಲಿಂದ ಕೆಳಗೆ ಹೆಂಗಮ್ಮ ಬರ್ತದೆ? ನೀನು ಸರಿಯಾಗಿ ಕೇಳಿಸ್ಕೊಂಡಿಲ್ಲ.”

ಶನಿವಾರ ಅವರೇ ನನ್ನ ಜೊತೆ ಕಾಲೇಜಿಗೆ ಬಂದರು. ಲೆಕ್ಚರರು ಮತ್ತೆ ಉಪ್ಪು ಸುಟ್ಟರು. ಅಪ್ಪ ಬಗ್ಗಿ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

“ಅಯ್ಯೋ, ಎರಡು ಗೆರೆ ಬಿಟ್ರೆ ಏನೂ ಇಲ್ವಲ್ಲಮ್ಮ!”

“ಎಲೆಕ್ಟ್ರಾನು ಗ್ರಹದ ಥರ ಸುತ್ತೋ ಹಂಗಿದ್ರೆ, ಬೆಳಕು ಬಿಡ್ತಾ ಶಕ್ತಿ ಕಳ್ಕೊಂಡು ಯಾವತ್ತೋ ಪರಮಾಣುವಿನ ನಡುವಿನ ಬೀಜಕ್ಕೆ ಬಿದ್ದೋಗ್ಬೇಕಿತ್ತು ಮೇಷ್ಟ್ರೇ,” ಎಂದರು ಲೆಕ್ಚರರು. “ಆಗ ನೀವೂ ಇರ್ತಿರ್ಲಿಲ್ಲ, ಈ ಬೆಂಚೂ ಇರ್ತಿರ್ಲಿಲ್ಲ.”

ಅಪ್ಪ ಪಕ್ಕದ ಸ್ಟೂಲಿನ ಮೇಲೆ ಕುಸಿದರು. ಕೈ ಬೆಂಚನ್ನು ಗಟ್ಟಿಯಾಗಿ ಹಿಡಿದಿತ್ತು. ವಾಪಸ್ಸು ಬರುವಾಗ ಬಸ್ಸು ತುಂಬ ಅವರ ಹಳೇ ಶಿಷ್ಯರಿದ್ದರೂ ಊರು ಬರುವವರೆಗೆ ಯಾರ ನಮಸ್ಕಾರಕ್ಕೂ ಅವರು ತಲೆಯೆತ್ತಲಿಲ್ಲ. ಅವರನ್ನು ಹಾಗೆ ನೋಡಿ ನನಗೆ ಭಯವಾಯಿತು.

ಸೋಮವಾರ ಸಂಜೆ, ಅಪ್ಪನ ಕ್ಲಾಸಿನಲ್ಲೇ ಇದ್ದ ನನ್ನ ತಂಗಿ ಏದುಸಿರು ಬಿಡುತ್ತ ಓಡಿಬಂದಳು.

“ಅಕ್ಕಾ, ಅಪ್ಪ ಎಲೆಕ್ಟ್ರಾನ್ ವಿಷ್ಯ ಬೇರೆ ಥರ ಹೇಳಿದ್ರು. ಮೇಲಿಂದ ಕೆಳಗೆ ಹಾರೋವಾಗ ನಡುವೆ ಎಲ್ಲಿರ್ತದೆ ಸಾರ್ ಅಂತ ಒಬ್ಬ ಹುಡುಗ ಕೇಳಿದ್ರೆ, ‘ನಂಗೆ ಗೊತ್ತಿಲ್ಲ’ ಅಂದ್ಬಿಟ್ರು!”

ಅಮ್ಮ ಕೆನ್ನೆಗೆ ಕೈ ಇಟ್ಟಳು. “ಮೇಷ್ಟ್ರೇ ಹಂಗಂದ್ರೆ ಮಕ್ಳು ಮರ್ಯಾದೆ ಕೊಡ್ತಾರಾ?”

ಹಿಂದೆಯೇ ಬಂದ ಅಪ್ಪ ಬಚ್ಚಲಲ್ಲಿ ಕಾಲು ತೊಳೆಯುತ್ತ ಹೇಳಿದರು: “ಇವತ್ತು ಒಬ್ರೂ ಆಕಳಿಸ್ಲಿಲ್ಲ ಕಣೇ.”