ಅಕ್ಕನ ಒಣಗಿದ ಬಾಯಿ

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಮಣ್ಣು ಪರೀಕ್ಷೆ ಮಾಡುತ್ತಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ಎಲೆ ಹಳದಿಯಾಗಿದೆ ಎಂದು ರೈತರು ಬಂದರೆ, ಮಣ್ಣಿನಲ್ಲಿ ಏನು ಕಡಿಮೆಯಿದೆ ಎಂದು ನೋಡಿ, ಬೇರಿಗೆ ಏನು ಹಾಕಬೇಕೆಂದು ಹೇಳುತ್ತಿದ್ದೆ. ಕೆಳಗೆ ಕೊಟ್ಟರೆ ಮೇಲೆ ಹತ್ತುತ್ತದೆ. ಅದೇ ಲೆಕ್ಕವನ್ನು ನನ್ನ ಅಕ್ಕನ ಬಾಯಿಗೂ ಹಾಕಿದೆ.

ಅಕ್ಕ ಇರುವುದು ಬೆಸಗರಹಳ್ಳಿಯಲ್ಲಿ. ನನಗೆ ಹಾಲುಹಲ್ಲು ಬಿದ್ದ ವರ್ಷ, ಕಬ್ಬಿನ ಜಲ್ಲೆಯನ್ನು ಅವಳೇ ಹಲ್ಲಿನಲ್ಲಿ ಸಿಗಿದು, ಚೂರು ಮಾಡಿ ನನ್ನ ಕೈಗಿಡುತ್ತಿದ್ದಳು. ಅರವತ್ತು ದಾಟಿದ ಮೇಲೂ ಕಬ್ಬು ತಿನ್ನಲು ಕುಡುಗೋಲು ಕೇಳಿದವಳಲ್ಲ.

ಮೂರು ವರ್ಷದ ಹಿಂದೆ ಅವಳಿಗೆ ಕಾಲುರಿ ಶುರುವಾಯಿತು. ಮಂಡ್ಯದಲ್ಲಿ ತೋರಿಸಿ ಮಾತ್ರೆ ಕೊಡಿಸಿದೆ. ಉರಿ ತಗ್ಗಿತು. ಕೆಲವೇ ವಾರಗಳಲ್ಲಿ ಅವಳ ಫೋನು ಬಂತು.

“ಬಾಯಿ ಒಣಗೋಯ್ತದೆ ಕಣ್ಲಾ. ಉಗುಳೇ ಬರಾಕಿಲ್ಲ. ಮುದ್ದೆ ಗಂಟ್ಲಲ್ಲೇ ನಿಂತ್ಕತದೆ.”

“ನೀರು ಕುಡಿಯಕ್ಕ,” ಎಂದೆ.

ಅವಳು ಎಷ್ಟು ಸಲ ಹೇಳಿದಳೋ, ಅಷ್ಟೂ ಸಲ ಇದನ್ನೇ ಹೇಳಿ ಫೋನಿಟ್ಟೆ. ಆ ಅಸಡ್ಡೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವಳು ತನಗೆ ತೋಚಿದ ದಾರಿ ಹಿಡಿದಳು. ಬಾಯಿ ಪಸೆಯಾಗಲೆಂದು ದವಡೆಯಲ್ಲಿ ಸದಾ ಒಂದು ಚೂರು ಬೆಲ್ಲ ಇಟ್ಟುಕೊಳ್ಳುತ್ತಿದ್ದಳು.

ವಸಡಿನ ಹತ್ತಿರ ಹಲ್ಲುಗಳು ಕಪ್ಪಾಗತೊಡಗಿದಾಗ ನನ್ನ ಪಾಂಡಿತ್ಯ ಕೆಲಸಕ್ಕಿಳಿಯಿತು. ಹಲ್ಲಿಗೂ ಬೇರಿದೆ, ಬೇರಿಗೆ ರಕ್ತ ಹೋಗುತ್ತದೆ, ರಕ್ತಕ್ಕೆ ಕ್ಯಾಲ್ಸಿಯಂ ಸೇರಿದರೆ ಹಲ್ಲು ಸರಿಹೋಗುತ್ತದೆ. ಯಾರನ್ನೂ ಕೇಳುವ ಗೋಜಿಗೆ ಹೋಗದೆ ಮದ್ದೂರಿನ ಮೆಡಿಕಲ್ ಸ್ಟೋರಿನಿಂದ ಡಬ್ಬಿಗಟ್ಟಲೆ ಕ್ಯಾಲ್ಸಿಯಂ ಮಾತ್ರೆ ತಂದುಕೊಟ್ಟೆ. ತಮ್ಮ ಕೊಟ್ಟದ್ದೆಂದು ಅಕ್ಕ ಒಂದೂವರೆ ವರ್ಷ ಒಂದು ದಿನವೂ ತಪ್ಪಿಸದೆ ನುಂಗಿದಳು.

ಒಂದು ದಿನ ಉಣ್ಣುತ್ತಿದ್ದಾಗ ಮುಂದಿನ ಹಲ್ಲು ಮುರಿದು ಅವಳ ಕೈಗೆ ಬಂತು. ಆಗ ಮಂಡ್ಯದ ಹಲ್ಲಿನ ಡಾಕ್ಟರ ಬಳಿಗೆ ಕರೆದೊಯ್ದೆ. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಯೊಳಗೆ ಪುಟ್ಟ ಕನ್ನಡಿ ಇಟ್ಟರೆ ಅದು ಅಕ್ಕನ ಒಣ ಕೆನ್ನೆಗೆ ಅಂಟಿಕೊಂಡಿತು. ಅಕ್ಕ ನುಂಗುವ ಮಾತ್ರೆ, ತಿನ್ನುವ ಬೆಲ್ಲ ಎಲ್ಲವನ್ನೂ ಡಾಕ್ಟರು ಕೇಳಿ ತಿಳಿದುಕೊಂಡರು.

“ಮಾತ್ರೆಯ ಕ್ಯಾಲ್ಸಿಯಂ ರಕ್ತಕ್ಕೆ, ಮೂಳೆಗೆ ಹೋಗುತ್ತೆ ಸರ್. ಬೆಳೆದ ಹಲ್ಲಿನ ಮೇಲ್ಪದರಕ್ಕೆ ಬೇರಿನಿಂದ ಹತ್ತಲ್ಲ,” ಎಂದರು.

ತಿಂದಾಗಲೆಲ್ಲ ಬಾಯಲ್ಲಿ ಹುಟ್ಟುವ ಹುಳಿ ಹಲ್ಲಿನ ಖನಿಜವನ್ನು ಕರಗಿಸುತ್ತದಂತೆ. ಎಂಜಲಿನಲ್ಲಿರುವ ಕ್ಯಾಲ್ಸಿಯಂ, ರಂಜಕಗಳೇ ಅದನ್ನು ಮತ್ತೆ ತುಂಬಬೇಕಂತೆ. ಎಂಜಲಿಲ್ಲದ ಬಾಯಲ್ಲಿ ಕರಗಿದ್ದು ಕರಗಿದ ಹಾಗೆಯೇ. ಮೇಲೆ ಬೆಲ್ಲ ಬೇರೆ. ಬಾಯಿ ಒಣಗಿಸಿದ್ದು ಕಾಲುರಿಯ ಮಾತ್ರೆ, ಅದನ್ನು ಬದಲಿಸಬಹುದಿತ್ತು. ಮೊದಲೇ ಬಂದಿದ್ದರೆ ಅರ್ಧದಷ್ಟು ಹಲ್ಲುಗಳಾದರೂ ಉಳಿಯುತ್ತಿದ್ದವಂತೆ.

“ಬಾಯಿ ಒಣಗುತ್ತೆ ಅಂತ ಮನೆಯಲ್ಲಿ ಯಾರಿಗೂ ಹೇಳಲಿಲ್ವಾ ಅಮ್ಮ?” ಡಾಕ್ಟರು ಕೇಳಿದರು.

ಅಕ್ಕ ನನ್ನ ಕಡೆ ನೋಡಲಿಲ್ಲ. “ಇಲ್ಲ ಕಣವ್ವ. ನಾನೇ ಯಾರ್ಗೂ ಯೋಳ್ನಿಲ್ಲ. ಇವನ್ಗೆ ಗೊತ್ತಾಗಿದ್ರೆ ಸುಮ್ನೆ ಬುಡ್ತಿದ್ನಾ?”

ಡಾಕ್ಟರು ಅದನ್ನೇ ಚೀಟಿಯಲ್ಲಿ ಬರೆದುಕೊಂಡರು. ಅವಳು ನನಗೆ ಹೇಳಿದ್ದಳು ಎನ್ನಲು ಒಂದೇ ಮಾತು ಸಾಕಿತ್ತು. ನಾನು ಬಾಯಿ ತೆರೆಯಲಿಲ್ಲ.